ಹಳೆಯ ಜಾವಾ ಯೋಜನೆಗೆ ಯಾವ ಎಐ ಕೋಡಿಂಗ್ ಸಹಾಯಕವನ್ನು ಆರಿಸಬೇಕು?

ಪ್ರಶ್ನೆ:
ನಮಸ್ಕಾರ. ಜಾವಾ ಮತ್ತು ಸ್ಪ್ರಿಂಗ್ ಬಳಸಿ ಬರೆದ ಹಳೆಯ ಬಿಲ್ಲಿಂಗ್ ತಂತ್ರಾಂಶವೊಂದನ್ನು ನಮ್ಮ ಸಣ್ಣ ತಂಡ ನಿರ್ವಹಿಸುತ್ತಿದೆ. ಎಲ್ಲರೂ ಇಂಟೆಲಿಜೆ ಐಡಿಯಾ ಎಂಬ ಕೋಡ್ ಎಡಿಟರ್‌ನಲ್ಲಿ ಕೆಲಸ ಮಾಡುತ್ತಾರೆ. ಗಿಟ್‌ಹಬ್ ಕೋಪೈಲಟ್, ಕರ್ಸರ್ ಮತ್ತು ಕ್ಲಾಡ್ ಕೋಡ್‌ಗಳಲ್ಲಿ ಒಂದನ್ನು ಆರಿಸುವ ಹೊಣೆ ನನಗೆ ಬಂದಿದೆ. ಮೂಲ ಕೋಡನ್ನು ಹೊರಗಿನವರಿಗೆ ಕೊಡಬಾರದೆಂಬ ಷರತ್ತು ಗ್ರಾಹಕರ ಒಪ್ಪಂದದಲ್ಲಿದೆ. ಎಸ್‌ಡಬ್ಲ್ಯೂಇ-ಬೆಂಚ್ (ಈ ಸಾಧನಗಳ ಹಿಂದಿನ ಎಐ ಮಾದರಿಗಳು ನಿಜವಾದ ಕೋಡ್ ಸಮಸ್ಯೆಗಳನ್ನು ಎಷ್ಟು ಬಗೆಹರಿಸುತ್ತವೆ ಎಂದು ಅಳೆಯುವ ಪರೀಕ್ಷೆ) ಪಟ್ಟಿಯಲ್ಲಿ ಮುಂದಿರುವುದನ್ನೇ ಆರಿಸಿದರೆ ಸಾಕೇ?

ಉತ್ತರ 1:
ಆ ಪಟ್ಟಿ ನಿಮ್ಮ ಪ್ರಶ್ನೆಗೆ ಉತ್ತರವಾಗಲಾರದು. 2023ರಲ್ಲಿ ಬಂದ ಮೂಲ ಎಸ್‌ಡಬ್ಲ್ಯೂಇ-ಬೆಂಚ್‌ನ 2,294 ಸಮಸ್ಯೆಗಳು ಜ್ಯಾಂಗೋ ಸೇರಿದಂತೆ 12 ಪೈಥಾನ್ ಯೋಜನೆಗಳಿಂದ ಆಯ್ದವು. ಜಾವಾ ಅದರಲ್ಲಿ ಇಲ್ಲವೇ ಇಲ್ಲ. ಮೇಲಾಗಿ ಅವೆಲ್ಲ ಎಲ್ಲರಿಗೂ ತೆರೆದಿಟ್ಟ ಕೋಡ್ ಆದ್ದರಿಂದ, ಮಾದರಿಗಳು ತರಬೇತಿಯ ವೇಳೆಯಲ್ಲೇ ಅದನ್ನು ಓದಿರುವ ಸಾಧ್ಯತೆ ಇದೆ. ನಿಮ್ಮ ಬಿಲ್ಲಿಂಗ್ ಕೋಡನ್ನು ಯಾವ ಮಾದರಿಯೂ ಕಂಡಿಲ್ಲ.

ಎಡಿಟರ್ ವಿಷಯಕ್ಕೆ ಬಂದರೆ, ಕೋಪೈಲಟ್ ಇಂಟೆಲಿಜೆಯೊಳಗೆ ಪ್ಲಗಿನ್ ಆಗಿ ಕೂರುತ್ತದೆ. ಕರ್ಸರ್ ವಿಎಸ್ ಕೋಡ್‌ನಿಂದ ಕವಲೊಡೆದ ಬೇರೆಯೇ ಎಡಿಟರ್. ಕ್ಲಾಡ್ ಕೋಡ್ ಟರ್ಮಿನಲ್‌ನಲ್ಲಿ ನಡೆಯುವುದರಿಂದ ಪಕ್ಕದಲ್ಲಿ ಯಾವ ಎಡಿಟರ್ ಇದ್ದರೂ ಅಡ್ಡಿಯಿಲ್ಲ. ಇಂಟೆಲಿಜೆಯ ರಿಫ್ಯಾಕ್ಟರಿಂಗ್ (ಕೆಲಸ ಬದಲಾಗದಂತೆ ಕೋಡಿನ ರಚನೆಯನ್ನು ತಿದ್ದುವ) ಸೌಲಭ್ಯಕ್ಕೆ ಒಗ್ಗಿಹೋದ ಜಾವಾ ತಂಡವನ್ನು ಅಲ್ಲಿಂದ ಎಬ್ಬಿಸುವುದು ಸುಲಭವಲ್ಲ ಎಂಬುದು ನನ್ನ ಅನಿಸಿಕೆ.

ಉತ್ತರ 2:
ಎಡಿಟರ್‌ಗಿಂತ ಮೊದಲು ಒಪ್ಪಂದದ ಷರತ್ತನ್ನು ಇತ್ಯರ್ಥ ಮಾಡಿಕೊಳ್ಳಿ. ನೀವು ಹೆಸರಿಸಿದ ಮೂರೂ ಸಾಧನಗಳು ಸಾಮಾನ್ಯ ಬಳಕೆಯಲ್ಲಿ ಕೋಡಿನ ಭಾಗಗಳನ್ನು ಹೊರಗಿನ ಸರ್ವರ್‌ಗೆ ಕಳುಹಿಸುತ್ತವೆ. ತರಬೇತಿಗೆ ಬಳಸುವುದಿಲ್ಲವೆಂಬ ಭರವಸೆ ಒಂದು, ಕಳುಹಿಸಿದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದು ಇನ್ನೊಂದು. ವೈಯಕ್ತಿಕ ಚಂದಾದ ನಿಯಮವೂ ಸಂಸ್ಥೆಯ ಚಂದಾದ ನಿಯಮವೂ ಒಂದೇ ಎಂದು ಭಾವಿಸದೆ ಎರಡನ್ನೂ ಓದಿ, ಗ್ರಾಹಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಅವರು ಒಪ್ಪದಿದ್ದರೆ ಮಾದರಿಯನ್ನೇ ನಿಮ್ಮ ಯಂತ್ರದಲ್ಲಿ ಓಡಿಸುವ ದಾರಿಯಿದೆ. ಕ್ವೆನ್ 2.5 ಕೋಡರ್ ಎಂಬ ಮುಕ್ತ ಮಾದರಿಯ 32 ಬಿಲಿಯನ್ ಪ್ಯಾರಾಮೀಟರ್‌ಗಳ ಆವೃತ್ತಿ, ಅದರ ಸಂಖ್ಯೆಗಳ ನಿಖರತೆಯನ್ನು 4 ಬಿಟ್‌ಗೆ ಇಳಿಸಿದರೆ, ಸುಮಾರು 20 ಜಿಬಿ ಆಗುತ್ತದೆ. 24 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಒಲ್ಲಾಮಾ ಎಂಬ, ಮಾದರಿಗಳನ್ನು ಸ್ವಂತ ಯಂತ್ರದಲ್ಲಿ ಓಡಿಸುವ ತಂತ್ರಾಂಶದ ಮೂಲಕ ನಡೆಸಬಹುದು. ಸಾಲು ಪೂರ್ಣಗೊಳಿಸಲು, ಯೂನಿಟ್ ಟೆಸ್ಟ್ ಬರೆಯಲು ಅದು ಸಾಕು. ಹತ್ತಾರು ಫೈಲುಗಳನ್ನು ಒಟ್ಟಿಗೆ ತಿದ್ದಬೇಕಾದಾಗ ಮಾತ್ರ ದೊಡ್ಡ ಮಾದರಿಗಳ ಸಮಕ್ಕೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಗ್ರಾಹಕರೊಂದಿಗೆ ಮಾತನಾಡುತ್ತೇನೆ. ಆದರೆ ಕೆಲಸದ ವೇಗ ಎಷ್ಟು ಹೆಚ್ಚುತ್ತದೆ ಎಂದು ನಮ್ಮ ಮ್ಯಾನೇಜರ್ ಕೇಳುತ್ತಿದ್ದಾರೆ. ಅದಕ್ಕೆ ಏನು ಹೇಳಲಿ?

ಉತ್ತರ 3:
ಅಳೆಯದೆ ಯಾವ ಸಂಖ್ಯೆಯನ್ನೂ ಹೇಳಬೇಡಿ. ಮೀಟರ್ (METR) ಎಂಬ ಸಂಶೋಧನಾ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಚೆನ್ನಾಗಿ ಪರಿಚಯವಿದ್ದ ಓಪನ್ ಸೋರ್ಸ್ ಯೋಜನೆಗಳಲ್ಲಿ 246 ಕೆಲಸಗಳನ್ನು ಮಾಡಿದ 16 ಅನುಭವಿ ಡೆವಲಪರ್‌ಗಳು, ಎಐ ಬಳಸಿದಾಗ 19 ಶೇಕಡಾ ಹೆಚ್ಚು ಸಮಯ ತೆಗೆದುಕೊಂಡರು. ಆದರೂ ತಾವು 20 ಶೇಕಡಾ ಬೇಗ ಮುಗಿಸಿದೆವೆಂದೇ ಅವರು ನಂಬಿದ್ದರು. ಅದು ಆ ವರ್ಷದ ಆರಂಭದ ಸಾಧನಗಳ ಮಾತು, ನಿಮ್ಮಲ್ಲಿ ಫಲಿತಾಂಶ ಬೇರೆಯಾಗಬಹುದು. ವೇಗದ ವಿಷಯದಲ್ಲಿ ಬಳಸಿದವರ ಅನಿಸಿಕೆಯನ್ನು ನೆಚ್ಚುವಂತಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ನೀವು ಈಗಾಗಲೇ ಪರಿಹರಿಸಿರುವ ಕೆಲವು ಹಳೆಯ ಬಗ್‌ಗಳನ್ನು ಆರಿಸಿ, ಪರಿಹಾರಕ್ಕೆ ಮುಂಚಿನ ಕಮಿಟ್‌ಗೆ (ಗಿಟ್‌ನಲ್ಲಿ ಉಳಿಸಿಟ್ಟ ಆವೃತ್ತಿಗೆ) ಹಿಂತಿರುಗಿ, ಅದೇ ಟಿಕೆಟ್ಟಿನ ವಿವರವನ್ನು ಪ್ರತಿ ಸಾಧನಕ್ಕೂ ಕೊಟ್ಟು ನೋಡಿ. ನಂತರದ ಕಮಿಟ್‌ಗಳು ರೆಪೊಸಿಟರಿಯಲ್ಲಿ ಉಳಿದಿರಬಾರದು. ಇದ್ದರೆ ಸಾಧನವು ಗಿಟ್ ಇತಿಹಾಸವನ್ನು ಕೆದಕಿ ಸಿದ್ಧ ಉತ್ತರವನ್ನೇ ಎತ್ತಿಕೊಡಬಹುದು. ಕೋಡ್ ಹುಟ್ಟಲು ಹಿಡಿದ ಸಮಯದ ಜೊತೆಗೆ ಅದನ್ನು ಪರಿಶೀಲಿಸಲು ಹಿಡಿದ ಸಮಯವನ್ನೂ ಬರೆದಿಡಿ. ಬಿಲ್ಲಿಂಗ್ ಆದ್ದರಿಂದ ದಶಮಾಂಶವನ್ನು ನಿಖರವಾಗಿ ಹಿಡಿದಿಡುವ ಬಿಗ್‌ಡೆಸಿಮಲ್ ಇದ್ದಲ್ಲಿ ಅಂದಾಜು ಬೆಲೆಯ ಡಬಲ್ ಎಂಬ ಸಂಖ್ಯಾ ಬಗೆ ಬಂದಿದೆಯೇ, ಪೈಸೆಯ ರೌಂಡಿಂಗ್ ಬದಲಾಗಿದೆಯೇ, ಯೋಜನೆಯ ಲೈಬ್ರರಿಗಳನ್ನು ನಮೂದಿಸುವ ಮಾವೆನ್ ಪಟ್ಟಿಗೆ ಯಾರೂ ಕೇಳದ ಲೈಬ್ರರಿ ಸೇರಿದೆಯೇ ಎಂದು ವಿಶೇಷವಾಗಿ ನೋಡಿ. ಇಲ್ಲದ ಲೈಬ್ರರಿಯ ಹೆಸರನ್ನೂ ಈ ಸಾಧನಗಳು ಅಳುಕಿಲ್ಲದೆ ಬರೆಯುತ್ತವೆ. ಮ್ಯಾನೇಜರ್‌ಗೆ ಆ ಲೆಕ್ಕವನ್ನೇ ತೋರಿಸಿ.