ಒಳನಾಡಿನ ಸಣ್ಣ ಊರುಗಳನ್ನು ನೋಡಲು ಮೊದಲು ಎಲ್ಲಿ ವಿಚಾರಿಸಬೇಕು?

ಪ್ರಶ್ನೆ: ಕದ್ರಿಯ ಓದುಗ, ಮಂಗಳೂರು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಧಾರವಾಡದಿಂದ ನನ್ನ ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳು ನಮ್ಮಲ್ಲಿಗೆ ಬರುವವರಿದ್ದಾರೆ. ಪಣಂಬೂರು, ಮಲ್ಪೆ, ಉಡುಪಿಯ ಮಠ ಎಲ್ಲವೂ ಅವರಿಗೆ ಹಿಂದೆಯೇ ಆಗಿದೆ. ಈ ಸಲ ಘಟ್ಟದ ಬುಡದ ಕಡೆಯ ಸಣ್ಣ ಊರುಗಳನ್ನು ನಿಧಾನವಾಗಿ ತೋರಿಸಬೇಕೆಂದು ನನ್ನ ಅಪೇಕ್ಷೆ. ಎರಡು ವರ್ಷಗಳ ಹಿಂದೆ ಪ್ರವಾಸ ಏರ್ಪಡಿಸುವವರೊಬ್ಬರ ಮಾತು ಕೇಳಿ ಒಂದೇ ದಿನದಲ್ಲಿ ಏಳು ಜಾಗ ಸುತ್ತಿದ್ದೆವು. ನಾಲ್ಕನೆಯ ಜಾಗದ ಹೊತ್ತಿಗೆ ಮಕ್ಕಳು ಕಾರಿನಿಂದ ಇಳಿಯಲು ಒಪ್ಪಲಿಲ್ಲ. ಮಟಮಟ ಮಧ್ಯಾಹ್ನ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ಅಮ್ಮ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ.

ಆದ್ದರಿಂದ ಎರಡು ಪ್ರಶ್ನೆಗಳು. ಊರಿನ ಇತಿಹಾಸ, ನೋಡುವ ಜಾಗ, ದಾರಿ ಇಷ್ಟನ್ನು ಒಂದೆಡೆ ವಿವರಿಸಿ ಹೇಳುವ ಮಾಹಿತಿ ಕೇಂದ್ರಗಳು ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಒಳನಾಡಿನಲ್ಲಿ ಇವೆಯೇ? ಮೂರು ದಿನಗಳಿದ್ದರೆ ಯಾವ ಊರುಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು? ಅಮ್ಮನಿಗೆ ಮೊಣಕಾಲು ನೋವಿರುವುದನ್ನೂ ಗಮನದಲ್ಲಿಟ್ಟುಕೊಂಡು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಅಧ್ಯಾಪಕ, ಕಾರ್ಕಳ

ಮಾನ್ಯರೇ, ಊರೂರಿಗೆ ಒಂದು ಮಾಹಿತಿ ಕೇಂದ್ರವಿರಬೇಕೆಂಬ ನಿಮ್ಮ ನಿರೀಕ್ಷೆ ನ್ಯಾಯವಾದದ್ದೇ, ಆದರೆ ಅದನ್ನು ನೆಚ್ಚಿಕೊಂಡು ಹೊರಟರೆ ಬಾಗಿಲು ಹುಡುಕುವುದರಲ್ಲೇ ದಿನ ಕಳೆದೀತು. ನಮ್ಮಲ್ಲಿ ಆ ಕೆಲಸವನ್ನು ಬೇರೆ ಜಾಗಗಳು ಮಾಡುತ್ತವೆ. ಮಂಗಳೂರಿನಿಂದ ಹೊರಡುವವರಿಗೆ ಪಿಲಿಕುಳ ನಿಸರ್ಗಧಾಮವೇ ಒಳ್ಳೆಯ ಆರಂಭ. ಅಲ್ಲಿನ ಪ್ರಾಣಿಗಳನ್ನು ಮಾತ್ರ ನೋಡಿ ಹಿಂದಿರುಗುವವರೇ ಹೆಚ್ಚು. ಅಲ್ಲಿನ ಗುತ್ತಿನ ಮನೆಯ, ಅಂದರೆ ತುಳುನಾಡಿನ ಹಿರಿಯ ಮನೆತನದ ದೊಡ್ಡ ಮನೆಯ ಅಂಗಳ, ಚಾವಡಿ, ಕಂಬಗಳನ್ನು ಅರ್ಧ ಗಂಟೆ ನೋಡಿದ ಮಕ್ಕಳು ಮುಂದೆ ಯಾವ ಹಳ್ಳಿಯ ಹಳೆಯ ಮನೆಯನ್ನು ಕಂಡರೂ ಗುರುತು ಹಿಡಿಯುತ್ತಾರೆ. ಕುಶಲಕರ್ಮಿಗಳ ಗ್ರಾಮವನ್ನೂ ಬಿಡಬೇಡಿ. ಉಡುಪಿಯ ಕಡೆಯಿಂದ ಹೊರಟರೆ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವಿದೆ. ಬೀಳುವ ಸ್ಥಿತಿಯಲ್ಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ. ನಮ್ಮ ಕಾರ್ಕಳದ ಪಕ್ಕದ ಮಿಯಾರಿನ ಮನೆಯೊಂದು ಕೂಡ ಅಲ್ಲಿಗೆ ಹೋಗಿ ನಿಂತಿದೆ. ಮಾರ್ಗದರ್ಶಕರ ಜೊತೆಯಲ್ಲಿಯೇ ನೋಡಬೇಕಾದ ಕಾರಣ ಮೊದಲೇ ಫೋನ್ ಮಾಡಿ ಸಮಯ ವಿಚಾರಿಸಿಕೊಳ್ಳಿ.

ಇನ್ನು ಊರುಗಳ ವಿಷಯ. ಮಂಗಳೂರಿನವರು ಮಾಡುವ ತಪ್ಪು ಒಂದೇ. ದಾರಿಯಲ್ಲಿ ಮೊದಲು ಸಿಗುತ್ತದೆಯೆಂದು ಬೆಳಿಗ್ಗೆ ಮೂಡುಬಿದಿರೆ ನೋಡಿ, ಅಲ್ಲಿಂದ ಸುಮಾರು 18 ಕಿ.ಮೀ. ದೂರದ ಕಾರ್ಕಳಕ್ಕೆ ನಡು ಮಧ್ಯಾಹ್ನ ಬಂದು ಗೊಮ್ಮಟ ಬೆಟ್ಟ ಹತ್ತುತ್ತಾರೆ. ಚಪ್ಪಲಿ ಬಿಟ್ಟು ನಡೆಯಬೇಕಾದ ಕರಿಬಂಡೆ ಆ ಹೊತ್ತಿಗೆ ಕಾವಲಿಯಂತೆ ಕಾದಿರುತ್ತದೆ. ನಿಮ್ಮ ತಾಯಿಯವರ ನೋಟದ ಕಾರಣ ನನಗೆ ಅರ್ಥವಾಯಿತು. ಮೂಡುಬಿದಿರೆಯಲ್ಲಿ ನಿಲ್ಲದೆ ಎಂಟು ಗಂಟೆಯೊಳಗೆ ಕಾರ್ಕಳ ತಲುಪಿ, ಬೆಟ್ಟ ಮುಗಿಸಿ, ಮೂಡುಬಿದಿರೆಯ ನೆರಳಿರುವ ಬಸದಿಗಳನ್ನು ಮಧ್ಯಾಹ್ನಕ್ಕೆ ಉಳಿಸಿಕೊಳ್ಳಿ. ಬೆಟ್ಟಕ್ಕೆ ವಾಹನ ಹತ್ತುವ ದಾರಿಯೂ ಇರುವುದರಿಂದ ಎಲ್ಲ ಮೆಟ್ಟಿಲುಗಳನ್ನು ಹತ್ತಲೇಬೇಕೆಂದಿಲ್ಲ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿ ಎತ್ತರದ ಆ ಮೂರ್ತಿಯ ಮುಖದ ಮೇಲೆ ಎಳೆ ಬಿಸಿಲು ಬೀಳುವುದನ್ನು ನಲವತ್ತು ವರ್ಷಗಳಿಂದ ನೋಡುತ್ತಿದ್ದೇನೆ. ನನಗೆ ಇನ್ನೂ ಸಾಕೆನಿಸಿಲ್ಲ.

ಎದುರಿನ ಗುಡ್ಡದ ಮೇಲಿರುವುದು 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, ಪ್ರತಿ ಬಾಗಿಲಿನ ಎದುರು ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು. ಯಾವ ಬಾಗಿಲಿನಿಂದ ಒಳಗೆ ಹೋದೆವೆಂಬುದು ಮಕ್ಕಳಿಗೆ ಮರೆತುಹೋಗುತ್ತದೆ. ಅವರಿಗೆ ಕಂಬಗಳನ್ನು ಎಣಿಸಲು ಹೇಳಿ, ಒಟ್ಟು 108 ಎಂಬುದು ವಾಡಿಕೆಯ ಲೆಕ್ಕ. ಭಾವನವರಿಗೆ ಶಿಲ್ಪದಲ್ಲಿ ಆಸಕ್ತಿಯಿದ್ದರೆ ಮಿಯಾರಿನಲ್ಲಿರುವ ಸಿ. ಇ. ಕಾಮತ್ ಕುಶಲಕರ್ಮಿ ತರಬೇತಿ ಸಂಸ್ಥೆಗೆ ಮುಂಚಿತವಾಗಿ ಕೇಳಿಕೊಂಡು ಹೋಗಬಹುದು. ಕಲ್ಲಿನಲ್ಲಿ ಮೂರ್ತಿ ಮೂಡುವುದನ್ನು ಕಣ್ಣಾರೆ ಕಂಡವರಿಗೆ ಗೊಮ್ಮಟ ಬೇರೆಯೇ ರೀತಿಯಲ್ಲಿ ಕಾಣುತ್ತಾನೆ.

ಉತ್ತರ 2: ಮೂಡುಬಿದಿರೆಯ ಸೊಸೆ

ಮೇಷ್ಟರು ಹೇಳಿದ ಕ್ರಮವನ್ನು ಒಪ್ಪುತ್ತೇನೆ, ಆದರೆ ನಮ್ಮ ಊರನ್ನು ಅವರು ಬರೀ ನೆರಳಿಗಾಗಿ ಉಳಿಸಿಕೊಂಡಂತೆ ಬರೆದದ್ದಕ್ಕೆ ನನ್ನ ಸಣ್ಣ ತಕರಾರಿದೆ. 1430ರ ಸಾವಿರ ಕಂಬದ ಬಸದಿಯಲ್ಲಿ ಎಲ್ಲರೂ ತಲೆಯೆತ್ತಿ ಕಂಬಗಳನ್ನು ನೋಡುತ್ತಾರೆ. ನೀವು ಭೈರಾದೇವಿ ಮಂಟಪದ ಬುಡದಲ್ಲಿ ಕುಳಿತು ಅಧಿಷ್ಠಾನದ, ಅಂದರೆ ಕೆಳಗಿನ ಪೀಠದ ಸುತ್ತ ಕೆತ್ತಿದ ಪಟ್ಟಿಕೆಯನ್ನು ನೋಡಿ. ಕುದುರೆ, ಆನೆಗಳ ನಡುವೆ ಉದ್ದ ಕತ್ತಿನ ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಕಾಣಸಿಗುತ್ತವೆ. ಕಡಲಾಚೆಯ ವ್ಯಾಪಾರದ ಸುದ್ದಿ ಇಲ್ಲಿನ ಕಲ್ಲುಕುಟಿಗನ ಉಳಿಯವರೆಗೆ ಬಂದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಏಕೆ ಬೇಕು? ನನ್ನ ಮಗ ಅದನ್ನು ತಾನೇ ಹುಡುಕಿ ತೆಗೆದ ದಿನದಿಂದ ಬಂದ ನೆಂಟರಿಗೆಲ್ಲ ಅವನೇ ಮಾರ್ಗದರ್ಶಕ.

ಊರಿನಲ್ಲಿ 18 ಬಸದಿಗಳಿದ್ದು ಎಲ್ಲವನ್ನೂ ನೋಡುವ ಹಟ ಬೇಡ. ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀಕುಂಜರವೂ ಐವರು ಸೇರಿ ಕುದುರೆಯಾದ ಪಂಚನಾರೀತುರಗವೂ ಇವೆ. ಆದರೆ ಅದು ಜನ ವಾಸವಿರುವ ಮನೆ. ಅಂಗಳದಲ್ಲಿ ನಿಂತು ಕೇಳಿ, ಒಪ್ಪಿದರೆ ಮಾತ್ರ ಒಳಗೆ ಹೋಗಬೇಕು.

ಅಮ್ಮನವರಿಗೆ ಬೆಟ್ಟ ಕಷ್ಟವೆನಿಸಿದರೆ ಕಾರ್ಕಳದ ಬದಲು ವೇಣೂರಿಗೆ ಹೋಗಿ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಅಲ್ಲಿನ ಬಾಹುಬಲಿ ಬೆಟ್ಟದ ಮೇಲಿಲ್ಲ, ಫಲ್ಗುಣಿ ನದಿಯ ದಡದಲ್ಲಿದ್ದಾನೆ. ನಿಮ್ಮ ಮಂಗಳೂರಿನ ಹತ್ತಿರ ಗುರುಪುರ ಹೊಳೆಯೆಂದು ಕರೆಸಿಕೊಳ್ಳುವುದು ಇದೇ ನದಿ.

ಉತ್ತರ 3: ಹೆಬ್ರಿಯ ಕೃಷಿಕ

ಎರಡನೆಯ ದಿನವನ್ನು ನಮ್ಮ ಕಡೆಗೆ ಕೊಡಿ. ಕಾರ್ಕಳದಿಂದ ಹೆಬ್ರಿಗೆ ಬರುವ ದಾರಿಯಲ್ಲಿ ವರಂಗವಿದೆ. ಅಲ್ಲಿ ಕೆರೆಯ ನಡುವೆ ಬಸದಿ, ಅದನ್ನು ತಲುಪಲು ಒಂದು ಸಣ್ಣ ದೋಣಿ. ದೋಣಿಯಲ್ಲಿ ಕೆಲವರಿಗಷ್ಟೇ ಜಾಗವಿರುವುದರಿಂದ ದಡದಲ್ಲಿ ಸರದಿ ಕಾಯಬೇಕಾಗುತ್ತದೆ, ಹುಟ್ಟು ನೀರಿಗೆ ಬೀಳುವ ಸದ್ದೊಂದನ್ನು ಬಿಟ್ಟರೆ ಅಲ್ಲಿ ಬೇರೆ ಗದ್ದಲವಿಲ್ಲ. ನೀವು ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡುವವರಾದರೆ ಇದನ್ನೇ ನೋಡಿ ಎನ್ನುತ್ತೇನೆ.

ಹೆಬ್ರಿಯಿಂದ ಆಗುಂಬೆಯ ದಾರಿಯಲ್ಲಿ ಸೋಮೇಶ್ವರ ಅಭಯಾರಣ್ಯದ ಸೀತಾನದಿ ಪ್ರಕೃತಿ ಶಿಬಿರವಿದೆ. ಅಲ್ಲಿ ಉಳಿದುಕೊಳ್ಳುವುದಾದರೆ ಮೊದಲೇ ಕಾಯ್ದಿರಿಸಬೇಕು. ಘಾಟಿಯ 14 ತಿರುವು ಹತ್ತಿದ ಮೇಲೆ ಆಗುಂಬೆ, ಅಲ್ಲಿಂದ ಶಿವಮೊಗ್ಗ ಜಿಲ್ಲೆ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಅಲ್ಲಿ 2005ರಲ್ಲಿ ಆರಂಭಿಸಿದ ಮಳೆಕಾಡು ಸಂಶೋಧನಾ ಕೇಂದ್ರವನ್ನು ಪ್ರವಾಸಿಗರ ಮಾಹಿತಿ ಕೇಂದ್ರವೆಂದು ತಿಳಿದು ಕೆಲವರು ನೇರವಾಗಿ ಹೋಗಿಬಿಡುತ್ತಾರೆ. ಕಾಳಿಂಗ ಸರ್ಪಗಳ ಅಧ್ಯಯನ ನಡೆಯುವ ಜಾಗವದು, ಅನುಮತಿಯಿಲ್ಲದೆ ಹೋಗಬಾರದು. ಸೂರ್ಯಾಸ್ತ ನೋಡಿ ಇಳಿಯುವುದಾದರೆ ಘಾಟಿಯಲ್ಲಿ ತಲೆಸುತ್ತುವ ಮಕ್ಕಳಿಗೆ ಒಂದು ನಿಂಬೆಹಣ್ಣು ಕೈಯಲ್ಲಿರಲಿ.

ಉತ್ತರ 4: ಬಾರ್ಕೂರು ಮೂಲದವಳು, ಈಗ ಉಡುಪಿ

ಮೂರನೆಯ ದಿನಕ್ಕೆ ಬಾರ್ಕೂರನ್ನು ಸೂಚಿಸುತ್ತೇನೆ. ಬ್ರಹ್ಮಾವರದಿಂದ ಒಳಗೆ ತಿರುಗಿದರೆ ಸಿಗುವ ಈ ಊರು ಒಂದು ಕಾಲದಲ್ಲಿ ಆಳುಪರ ರಾಜಧಾನಿ, ಅನಂತರ ವಿಜಯನಗರದವರ ಆಡಳಿತ ಕೇಂದ್ರ. ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ ಫಾಕನೂರ್ ಎಂದು ಬರೆದದ್ದು ನಮ್ಮ ಊರನ್ನೇ. ಈಗ ನೋಡಿದರೆ ತೆಂಗಿನ ತೋಟ, ಗದ್ದೆ, ನಡುನಡುವೆ ಗುಡಿಗಳು ಅಷ್ಟೆ. ಫಲಕಗಳನ್ನು ಹುಡುಕಬೇಡಿ, ಕೇರಿಗಳ ಹೆಸರು ಕೇಳಿ. ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ, ಮೂಡುಕೇರಿ ಎಂದು ಕೇಳುತ್ತ ನಡೆದರೆ ಹಳೆಯ ಪಟ್ಟಣದ ನಕ್ಷೆ ತಾನಾಗಿ ಕಾಲಡಿಗೆ ಬರುತ್ತದೆ. ಮಣಿಗಾರಕೇರಿಯ ಕತ್ತಲೆ ಬಸದಿಯ ಬಳಿ ಬೆಳಿಗ್ಗೆ ಹೋಗುವುದು ಮೇಲು. ದೇವಸ್ಥಾನಗಳು ಮಧ್ಯಾಹ್ನದ ಪೂಜೆಯ ನಂತರ ಮುಚ್ಚಿದರೆ ಸಂಜೆಯವರೆಗೆ ತೆರೆಯುವುದಿಲ್ಲ, ನಿಮ್ಮ ಏಳು ಜಾಗಗಳ ದಿನವನ್ನು ಹಾಳುಮಾಡಿದ್ದರಲ್ಲಿ ಇದರ ಪಾಲೂ ಇದ್ದೀತು. ಸಮಯ ಉಳಿದರೆ ಕೋಟದ ಕಾರಂತ ಥೀಮ್ ಪಾರ್ಕಿಗೆ ಹೋಗಿ, ಮಕ್ಕಳಿಗೆ ಓಡಾಡಲು ಜಾಗವಿದೆ.

ಪ್ರಶ್ನೆ ಕೇಳಿದವರಿಂದ

ನಾಲ್ವರಿಗೂ ಕೃತಜ್ಞತೆಗಳು. ಮೊದಲ ದಿನ ಕಾರ್ಕಳ ಮತ್ತು ಮೂಡುಬಿದಿರೆ, ಎರಡನೆಯ ದಿನ ವರಂಗ ಮತ್ತು ಆಗುಂಬೆ, ಮೂರನೆಯ ದಿನ ಬಾರ್ಕೂರು ಎಂದು ಬರೆದಿಟ್ಟುಕೊಂಡೆ. ಅವರು ಬಂದಿಳಿಯುವ ದಿನದ ಸಂಜೆ ಪಿಲಿಕುಳದ ಗುತ್ತಿನ ಮನೆಗೆ ಹೋಗಿ ಬರುತ್ತೇವೆ. ಅಮ್ಮನಿಗೆ ಓದಿ ಹೇಳಿದಾಗ, ಬೆಳಿಗ್ಗೆ ಎಂಟು ಗಂಟೆಗೆ ಕಾರ್ಕಳದಲ್ಲಿರಬೇಕಾದರೆ ತಿಂಡಿಗೆ ಎಲ್ಲಿ ನಿಲ್ಲಿಸುತ್ತೀ ಎಂದು ಕೇಳಿದರು. ಆ ಹೊತ್ತಿಗೆ ಬಿಸಿ ಬನ್ಸ್ ಸಿಗುವ ಹೋಟೆಲು ದಾರಿಯಲ್ಲಿ ಯಾವುದಿದೆಯೆಂದು ಮೂಡುಬಿದಿರೆಯ ಅಕ್ಕನವರು ತಿಳಿಸಬೇಕಾಗಿ ವಿನಂತಿ.