‘ಮೈಗೆ ಹತ್ತುವುದು’ ಗೊತ್ತು, ಅದರ ಎದುರು ಪದ ಯಾವುದು? (‘ಚಯಾಪಚಯ’ದ ಬಗ್ಗೆ ಒಂದು ಪದಚರ್ಚೆ)

ಬಳಗದವರಿಗೆ ನಮಸ್ಕಾರ.

ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ‘ಚಯಾಪಚಯ’ (ಇಂಗ್ಲಿಷಿನ ‘ಮೆಟಬಾಲಿಸಂ’, ತಿಂದದ್ದರಿಂದ ಮೈ ಕಟ್ಟುವುದು ಮತ್ತು ಕೂಡಿಟ್ಟದ್ದನ್ನು ಒಡೆದು ಖರ್ಚು ಮಾಡುವುದು) ಎಂಬ ಪದವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆದಾಗಲೆಲ್ಲ ಅದರ ಕೆಳಗೊಂದು ಗೆರೆ ಎಳೆದು, ಮಕ್ಕಳು ಬರೆದುಕೊಂಡರು, ಅರ್ಥವಾಯಿತು ಎಂದುಕೊಂಡು ಮುಂದಿನ ಪಾಠಕ್ಕೆ ಹೋಗಿದ್ದೇನೆ. ಹೋದ ತಿಂಗಳು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ ಆ ಪದ ನನಗೆ ಕೈಕೊಟ್ಟಿತು. ಅದಕ್ಕೇ ಈ ಪತ್ರ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಆಶಾ ಕಾರ್ಯಕರ್ತೆ. “ಮೇಷ್ಟ್ರೇ, ನಮ್ಮ ಸಂಘದ ಹೆಂಗಸರಿಗೆ ಊಟದ ವಿಷಯವಾಗಿ ಅರ್ಧ ಗಂಟೆ ಹೇಳಿ” ಎಂದು ಕರೆದಳು. ಡೇರಿಯ ಜಗಲಿಯ ಮೇಲೆ ಸಂಜೆಯ ಹಾಲು ಹಾಕಿ ಮುಗಿಸಿದ ಇಪ್ಪತ್ತೈದು ಮೂವತ್ತು ಜನ ಕುಳಿತಿದ್ದರು, ಖಾಲಿ ಕ್ಯಾನುಗಳು ಪಕ್ಕದಲ್ಲೇ ಇದ್ದವು. ಎಲ್ಲರ ಕೈಗೂ ಒಂದು ಕರಪತ್ರ ಹಂಚಲಾಗಿತ್ತು. ಅದರ ಮೊದಲ ಸಾಲು: ‘ನಮ್ಮ ದೇಹದಲ್ಲಿ ಚಯಾಪಚಯ ಕ್ರಿಯೆಯು ನಿರಂತರವಾಗಿ ನಡೆಯುತ್ತಿರುತ್ತದೆ.’ ಗಟ್ಟಿಯಾಗಿ ಓದಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜಿ ಕೇಳಿದರು: “ಅಪಚನ ನಿರಂತರವಾಗಿ ನಡೆದರೆ ಆಸ್ಪತ್ರೆಗೆ ಹೋಗಬೇಕಲ್ಲವೇ ಸ್ವಾಮಿ?”

ನಗುವ ಮಾತಲ್ಲ. ಅಪಚಯಕ್ಕೂ ಅಪಚನಕ್ಕೂ ಕಿವಿಯಲ್ಲಿ ಇರುವ ಅಂತರ ಒಂದೇ ಅಕ್ಷರ. ಅಪಚನ, ಅಂದರೆ ಅಜೀರ್ಣ, ‘ಪಚ್’ ಧಾತುವಿನಿಂದ ಬಂದದ್ದು: ಬೇಯಿಸು, ಪಕ್ವ ಮಾಡು. ಚಯ ‘ಚಿ’ ಧಾತುವಿನದು: ರಾಶಿ ಹಾಕು, ಪೇರಿಸು. ಸಂಚಯ, ಪರಿಚಯ, ನಿಶ್ಚಯಗಳ ಒಡಹುಟ್ಟು. ಸೌದೆ ಪೇರಿಸಿದ ಚಿತೆಯೂ ಇದೇ ಮನೆತನದ್ದು. ಅಪಚಯ ಎಂದರೆ ಆ ರಾಶಿ ಕರಗುತ್ತ ಬರುವುದು. ಕೂಡಿಸುವುದು ಮತ್ತು ಕಳೆಯುವುದು ಎರಡನ್ನೂ ಒಂದೇ ಪದದಲ್ಲಿ ಬಿಗಿದ ಜಾಣರು ಯಾರೋ ಗೊತ್ತಿಲ್ಲ, ಪದವಂತೂ ಸರಿಯಾಗಿದೆ. ಗ್ರೀಕ್ ಮೂಲದ ‘ಮೆಟಬಾಲಿಸಂ’ ಬರೀ ‘ಬದಲಾವಣೆ’ ಎನ್ನುತ್ತದೆ, ಯಾವ ಬದಲಾವಣೆ ಎಂದು ಬಿಡಿಸಿ ಹೇಳುವುದಿಲ್ಲ. ನಮ್ಮದು ಹೇಳುತ್ತದೆ. ಆದರೆ ಸಂಸ್ಕೃತ ಗೊತ್ತಿದ್ದವರಿಗೆ ಮಾತ್ರ.

ಅಕ್ಕಪಕ್ಕದವರು ಏನು ಮಾಡಿಕೊಂಡಿದ್ದಾರೆ ಎಂದು ನೋಡಿದೆ. ಗಡಿಯ ಸೀಮೆಯವರಾದ ನಮಗೆ ಅದು ಸುಲಭ. ತೆಲುಗಿನಲ್ಲಿ ‘ಜೀವಕ್ರಿಯ’. ಸರಳ, ಆದರೆ ಉಸಿರಾಡುವುದೂ ಜೀವಕ್ರಿಯೆಯೇ, ರಕ್ತ ಹರಿಯುವುದೂ ಜೀವಕ್ರಿಯೆಯೇ. ಮಲಯಾಳಂನವರದು ‘ಉಪಾಪಚಯಂ’, ಅಂದರೆ ಉಪಚಯ ಮತ್ತು ಅಪಚಯ, ನಮ್ಮ ಕಷ್ಟವೇ ಅವರದೂ. (ಉಪಚಯ ಎಂದ ಕೂಡಲೇ ಜಾತಕ ನೋಡುವವರು ಮೂರು, ಆರು, ಹತ್ತು, ಹನ್ನೊಂದನೆಯ ಮನೆ ಎಂದು ಶುರುಮಾಡುತ್ತಾರೆ, ಅದು ಬೇರೆ.) ತಮಿಳಿನವರು ಮಾತ್ರ ಮನೆಯ ಸರಕಿನಲ್ಲೇ ಕಟ್ಟಿದ್ದಾರೆ: ‘ವಳರ್‌ಸಿದೈ ಮಾಟ್ರಂ’. ವಳರ್ ಎಂದರೆ ಬೆಳೆ, ಸಿದೈ ಎಂದರೆ ಅಳಿ, ಮಾಟ್ರಂ ಎಂದರೆ ಮಾರ್ಪು. ಕೋಲಾರದ ಚಿನ್ನದ ಗಣಿಯ ಕಡೆಯ ಗೆಳೆಯರೊಬ್ಬರು ಇದನ್ನು ಹೇಳಿದಾಗ ಹೊಟ್ಟೆಕಿಚ್ಚಾಯಿತು. ಕನ್ನಡದಲ್ಲಿ ‘ಬೆಳೆಯಳಿವು’ ಎಂದು ಬರೆದು ನೋಡಿದೆ. ಬೆಳೆ ನಷ್ಟ ಪರಿಹಾರದ ಅರ್ಜಿಯಂತೆ ಕಂಡಿತು. ಹರಿದು ಹಾಕಿದೆ.

ಇನ್ನು ಸಭೆಗೆ ಬರುತ್ತೇನೆ. ನಾನು ಚಯ, ಅಪಚಯ ಎಂದು ಬಿಡಿಸುತ್ತ ತಡವರಿಸುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬಾಕೆ ಮಾತಾಡಿದರು. “ಅದನ್ನೇಕೆ ಅಷ್ಟು ಸುತ್ತಿ ಹೇಳುತ್ತೀರಿ? ನಮ್ಮ ಸೀಮೆ ಹಸು ಕರು ಹಾಕಿ ತಿಂಗಳಾಯಿತು. ತಿಂದದ್ದೆಲ್ಲ ಹಾಲಿಗೇ ಹೋಗುತ್ತಿದೆ, ಮೈಗೆ ಹತ್ತುತ್ತಿಲ್ಲ. ಮೈ ಇಳಿದು ಪಕ್ಕೆಲುಬು ಎಣಿಸಬಹುದು. ಇದೇ ತಾನೇ?” ಎಂದವರು ಪಕ್ಕದವರ ಕಡೆ ತಿರುಗಿ ಅದನ್ನೇ ತೆಲುಗಿನಲ್ಲಿ ಹೇಳಿದರು: “ಒಂಟಿಕಿ ಪಟ್ಟದು.”

ಇದೇ. ಇದಕ್ಕಿಂತ ಚೆನ್ನಾಗಿ ನಾನು ಒಂದು ದಿನವೂ ಪಾಠ ಮಾಡಿರಲಿಲ್ಲ. ಕರು ಹಾಕಿದ ಹೊಸತರಲ್ಲಿ ಹೆಚ್ಚು ಹಾಲು ಕೊಡುವ ಹಸು ಎಷ್ಟು ತಿಂದರೂ ಹಾಲಿಗೆ ಬೇಕಾದಷ್ಟು ಶಕ್ತಿ ಸಾಲದೆ, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಒಡೆದು ಹಾಲಿಗೆ ಸುರಿಯುತ್ತದೆ. ಪಶುವೈದ್ಯರು ಇದನ್ನು ಶಕ್ತಿಯ ಕೊರತೆ ಎನ್ನುತ್ತಾರೆ. ಅಷ್ಟೇ ಅಲ್ಲ, ಆ ಹೆಂಗಸರಿಗೆ ಇನ್ನೊಂದು ಲೆಕ್ಕವೂ ಬಾಯಿಪಾಠವಿತ್ತು: ಹಸುವಿನ ಮೈ ನಿಲ್ಲುವುದಕ್ಕೆ ದಿನಕ್ಕೆ ಒಂದೂವರೆ ಕಿಲೋದಷ್ಟು ಪಶು ಆಹಾರ, ಅದರ ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋದಂತೆ. ಪಠ್ಯಪುಸ್ತಕದಲ್ಲಿ ‘ಮೂಲ ಚಯಾಪಚಯ ದರ’ ಎಂದು ನಾವು ಬರೆಸುವುದು ಆ ‘ಮೈ ನಿಲ್ಲುವುದಕ್ಕೆ’ ಎಂಬ ಭಾಗವನ್ನೇ. ಮನುಷ್ಯ ಏನೂ ಮಾಡದೆ ಮಲಗಿದ್ದರೂ ಹೃದಯ, ಶ್ವಾಸಕೋಶ, ಮೂತ್ರಪಿಂಡ, ಯಕೃತ್ತು ದುಡಿಯುತ್ತಲೇ ಇರುತ್ತವೆ. ತೂಕದಲ್ಲಿ ಮೈಯ ಐವತ್ತನೇ ಒಂದು ಪಾಲಿನಷ್ಟಿರುವ ಮಿದುಳೊಂದೇ ಈ ವಿಶ್ರಾಂತಿಯ ಖರ್ಚಿನಲ್ಲಿ ಐದನೇ ಒಂದು ಪಾಲು ತಿನ್ನುತ್ತದೆ. ಕೂತು ಕೆಲಸ ಮಾಡುವವರ ದಿನದ ಒಟ್ಟು ಖರ್ಚಿನಲ್ಲಿ ನೂರಕ್ಕೆ ಅರವತ್ತರಿಂದ ಎಪ್ಪತ್ತು ಭಾಗ ಹೀಗೆ ಸುಮ್ಮನಿದ್ದರೂ ಆಗುವಂಥದು. ಒಬ್ಬಾಕೆ “ದೀಪ ಹಾಕದಿದ್ದರೂ ಕರೆಂಟಿನವರು ನಿಗದಿತ ಶುಲ್ಕ ತೆಗೆದುಕೊಳ್ಳುವಂತೆ” ಎಂದರು. ಮಾತು ಚೆನ್ನಾಗಿದೆ, ಆದರೆ ಇಲ್ಲಿ ಬಿಲ್ಲಿನ ಮುಕ್ಕಾಲು ಪಾಲಿಗೆ ಹತ್ತಿರ ನಿಗದಿತ ಶುಲ್ಕವೇ. ಆದ್ದರಿಂದ ನನಗೆ ಹಸುವೇ ಹೆಚ್ಚು ಒಪ್ಪಿಗೆಯಾಯಿತು. ಬಾಣಂತಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೋಕ್ಯಾಲೊರಿ ಹೆಚ್ಚಿಗೆ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. “ಹಾಲಿನ ಲೆಕ್ಕದ ಹಿಂಡಿ ಹಸುವಿಗೆ ಇಡುತ್ತೀರಿ, ಸೊಸೆಗೆ?” ಎಂದು ಕೇಳಿದೆ. ಜಗಲಿ ಒಂದು ನಿಮಿಷ ಸದ್ದಿಲ್ಲದೆ ಕೂತಿತು.

ಈಗ ಪದದ ಮಾತು. ‘ಹತ್ತು’ ಕನ್ನಡದಲ್ಲಿ ಹಲವು ಕೆಲಸ ಮಾಡುತ್ತದೆ: ಮರ ಹತ್ತು, ಬೆಂಕಿ ಹತ್ತು, ತಳ ಹತ್ತು. ‘ಮೈಗೆ ಹತ್ತು’ ಎಂಬಲ್ಲಿ ಏರುವುದೋ ಅಂಟುವುದೋ ಎಂದು ನನಗೆ ಮೊದಲಿನಿಂದ ಅನುಮಾನವಿತ್ತು. ‘ಪಟ್ಟದು’ ಎಂಬುದನ್ನು ಕೇಳಿದ ಮೇಲೆ ಅನುಮಾನ ಹೋಯಿತು. ಹಳಗನ್ನಡದ ‘ಪತ್ತು’, ತೆಲುಗಿನ ‘ಪಟ್ಟು’, ತಮಿಳಿನ ‘ಪಱ್ಱು’ ಒಂದೇ ಬಳ್ಳಿಯವು, ಹಿಡಿ, ಅಂಟು ಎಂಬುದೇ ಅವುಗಳ ತಿರುಳು. ಅಂದರೆ ಅನ್ನ ಮೈಯನ್ನು ಹಿಡಿದುಕೊಳ್ಳುವುದು. ಪಠ್ಯದಲ್ಲಿ ‘ಸ್ವಾಂಗೀಕರಣ’ ಎಂದು ಬರೆದು ಮಕ್ಕಳ ನಾಲಿಗೆ ಹೊರಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಮನೆಯಲ್ಲೇ ಇದೆ. ಗಮನಿಸಿ, ನಮ್ಮ ಜನ ‘ಅರಗು’ ಮತ್ತು ‘ಹತ್ತು’ ಎರಡನ್ನೂ ಬೆರೆಸುವುದಿಲ್ಲ. ‘ಮಗು ತಿನ್ನುತ್ತದೆ, ಅರಗುತ್ತದೆ, ಮೈಗೆ ಹತ್ತುವುದಿಲ್ಲ’ ಎನ್ನುವ ತಾಯಿ ಜೀರ್ಣಕ್ರಿಯೆ ಬೇರೆ, ಅದರ ಮುಂದಿನದು ಬೇರೆ ಎಂದು ಸ್ಪಷ್ಟವಾಗಿ ಗೆರೆ ಎಳೆದಿದ್ದಾಳೆ. ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಆ ಗೆರೆ ಎಷ್ಟೋ ಸಲ ಅಳಿಸಿಹೋಗಿರುತ್ತದೆ. ಚಯಾಪಚಯಕ್ಕೆ ‘ಜೀರ್ಣಶಕ್ತಿ’ ಎಂದು ಬರೆದದ್ದನ್ನು ನಾನೇ ಓದಿದ್ದೇನೆ. ಜೀರ್ಣ ಎಂಬುದರ ಮೂಲ ಅರ್ಥವೇ ಸವೆದದ್ದು, ಹಳೆಯದಾದದ್ದು. ಜರೆ ಅದರ ಅಕ್ಕ. ದೇವಸ್ಥಾನದ ಜೀರ್ಣೋದ್ಧಾರ ಮಾಡುತ್ತೇವೆ ಎಂದರೆ ಅರಗಿದ ಗುಡಿಯನ್ನು ಮೇಲೆತ್ತುತ್ತೇವೆ ಎಂದಲ್ಲವಲ್ಲ.

ಇಷ್ಟಾಯಿತು ಚಯದ ಕಡೆ. ತೊಡಕು ಇರುವುದು ಅಪಚಯದ ಕಡೆ.

‘ಕರಗು’ ಎಂದರೆ? ಬೊಜ್ಜು ಕರಗಿಸುವುದು ಎಂದು ಎಲ್ಲರೂ ಅನ್ನುತ್ತಾರೆ. ಇದೇ ನನಗೆ ಬೇಡವಾದ ಪದ. ಬೆಣ್ಣೆ ಕರಗಿದಂತೆ ಕೊಬ್ಬು ಕರಗಿ ಬೆವರಾಗಿ ಇಳಿದುಹೋಗುತ್ತದೆ ಎಂಬ ಚಿತ್ರ ಅದರಿಂದ ಬರುತ್ತದೆ, ಬೆವರಲೆಂದೇ ಪ್ಲಾಸ್ಟಿಕ್ ಸುತ್ತಿಕೊಂಡು ಓಡುವವರೂ ಇದ್ದಾರೆ. ನಿಜವಾಗಿ ನಡೆಯುವುದು ಉರಿಯುವುದು. 10 ಕಿಲೋ ಕೊಬ್ಬು ಪೂರ್ತಿ ಖರ್ಚಾದರೆ ಅದರಲ್ಲಿ 8.4 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೋಗುತ್ತದೆ, ಉಳಿದ 1.6 ಕಿಲೋ ನೀರು. ಕೊಬ್ಬು ಕರಗುವುದಿಲ್ಲ, ಉಸಿರಾಗುತ್ತದೆ.

ಹಾಗಾದರೆ ‘ಉರಿ’ ಎನ್ನೋಣವೇ? ಅರ್ಥದಲ್ಲಿ ಸರಿ. ಉಸಿರಾಟ ಒಂದು ನಿಧಾನದ ದಹನ ಎಂದು ಫ್ರಾನ್ಸಿನ ರಸಾಯನ ವಿಜ್ಞಾನಿ ‘ಲವಾಸಿಯೇ’ ಹದಿನೆಂಟನೇ ಶತಮಾನದಲ್ಲೇ ತೋರಿಸಿದ್ದ, ಗಿನಿ ಇಲಿಯನ್ನು ಹಿಮದ ನಡುವೆ ಕೂರಿಸಿ, ಎಷ್ಟು ಹಿಮ ಕರಗಿತೆಂದು ಅಳೆದು. ಆದರೆ ‘ಹೊಟ್ಟೆಯಲ್ಲಿ ಉರಿ’ ಎಂದರೆ ಹಳ್ಳಿಯಲ್ಲಿ ಒಂದೋ ಹುಳಿತೇಗು, ಇಲ್ಲವೇ ಮತ್ಸರ. ಅದಲ್ಲದೆ ಉಷ್ಣ–ತಂಪಿನ ಲೆಕ್ಕ ಬೇರೆ ಇದೆ. ಕ್ಯಾಲೊರಿ ಎಂದರೆ ಶಾಖದ ಅಳತೆ, ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖವೇ ಒಂದು ಕಿಲೋಕ್ಯಾಲೊರಿ ಎಂದು ನಾನು ವಿವರಿಸಿದೆ. ಕೂಡಲೇ ಪ್ರಶ್ನೆ ಬಂತು: “ಹಾಗಾದರೆ ಪರಂಗಿ ಹಣ್ಣಿನಲ್ಲಿ ತುಂಬಾ ಇರಬೇಕು, ಬೆಣ್ಣೆಯಲ್ಲಿ ಕಡಿಮೆ?” ಅವರ ಲೆಕ್ಕದಲ್ಲಿ ಪರಂಗಿ ಉಷ್ಣ, ಬೆಣ್ಣೆ ತಂಪು. ಅಳತೆಯಲ್ಲಿ ತಿರುವುಮುರುವು: 100 ಗ್ರಾಂ ಪರಂಗಿಯಲ್ಲಿ ಐವತ್ತು ಕಿಲೋಕ್ಯಾಲೊರಿಯೂ ಇಲ್ಲ, ಅಷ್ಟೇ ಬೆಣ್ಣೆಯಲ್ಲಿ ಏಳುನೂರಕ್ಕೂ ಮೇಲೆ. ನಾನೇ ‘ಶಾಖ’ ಎಂದು ಹೇಳಿ ಈ ಗೊಂದಲ ತಂದುಕೊಂಡಿದ್ದೆ. ಇನ್ನು ಮುಂದೆ ಕ್ಯಾಲೊರಿಯನ್ನು ಕ್ಯಾಲೊರಿ ಎಂದೇ ಬಿಡುತ್ತೇನೆ, ಲೀಟರಿನಂತೆ, ಕಿಲೋದಂತೆ.

‘ಶಕ್ತಿ’ಯ ಗತಿಯೂ ಇದೇ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದ ಯೋಜನೆ 2023ರಲ್ಲಿ ಬಂದ ಮೇಲೆ ಶಕ್ತಿ ಎಂದರೆ ಮೊದಲು ನೆನಪಾಗುವುದು ಆ ಚೀಟಿ. ಅದು ತಮಾಷೆ, ಬಿಡಿ. ನಿಜವಾದ ಕೇಡು ಬೇರೆ ಕಡೆ. ‘ಶಕ್ತಿ ಇಲ್ಲ’ ಎನ್ನುವ ಹೆಂಗಸಿಗೆ ಹಲವು ಸಲ ಇರುವುದು ರಕ್ತಹೀನತೆ. ಉಣ್ಣುವ ಅನ್ನದಲ್ಲಿ ಕ್ಯಾಲೊರಿ ಸಾಕಷ್ಟಿದ್ದರೂ ಆಮ್ಲಜನಕ ಹೊರುವ ಹೆಮೊಗ್ಲೋಬಿನ್ ಸಾಲದು. ‘ಶಕ್ತಿಗೆ’ ಎಂದು ಹೇಳಿ ಅವಳಿಗೆ ಗ್ಲೂಕೋಸ್ ಬಾಟಲಿ ಹಾಕಿಸುತ್ತಾರೆ. ಅರ್ಧ ಲೀಟರಿನ, ನೂರಕ್ಕೆ ಐದರ ಆ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ನೂರು ಕಿಲೋಕ್ಯಾಲೊರಿಗೆ ಮೀರದು. ರಾಗಿ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 320 ಇರುತ್ತದೆ. ಅಂದರೆ ಆ ಬಾಟಲಿಗೆ ಸಮ 30 ಗ್ರಾಂ ಹಿಟ್ಟು, ಮುದ್ದೆ ತಿರುವುವಾಗ ಕೋಲಿಗೆ ಮೆತ್ತಿಕೊಳ್ಳುವುದಕ್ಕಿಂತ ತುಸು ಹೆಚ್ಚು. ವಾಂತಿ ಭೇದಿಯಾಗಿ ನೀರು ಆರಿದವರಿಗೆ ಬಾಟಲಿ ಬೇಕು, ಸರಿ. ಆದರೆ ಶಕ್ತಿ ಎಂಬ ಒಂದೇ ಪದದ ಕೆಳಗೆ ಕ್ಯಾಲೊರಿ, ಕಸುವು, ತ್ರಾಣ, ಚೈತನ್ಯ ಎಲ್ಲವನ್ನೂ ತುಂಬಿದ್ದರಿಂದ ಈ ಖರ್ಚು ನಡೆಯುತ್ತಿದೆ ಎಂದೇ ನನ್ನ ಅನಿಸಿಕೆ. ಉರಿಯಿಂದ ಬರುವುದಕ್ಕೆ ಮಾತ್ರ ಶಕ್ತಿ, ಉಳಿದದ್ದಕ್ಕೆ ಕಸುವು ಎಂದು ಬೇರೆ ಮಾಡಿದರೆ ಹೇಗೆ?

ಕರಪತ್ರದ ಇನ್ನೊಂದು ಕೂಸು: ‘ಜಡ ಕೆಲಸ’. ಕೋಷ್ಟಕದಲ್ಲಿ 55 ಕಿಲೋ ತೂಕದ ‘ಜಡ ಕೆಲಸದ ಮಹಿಳೆ’ಗೆ 1660 ಕಿಲೋಕ್ಯಾಲೊರಿ, ಮಧ್ಯಮ ಕೆಲಸಕ್ಕೆ 2130 ಎಂದಿತ್ತು. ಜಡ ಎಂದರೆ ಇಲ್ಲಿ ಸೋಮಾರಿ ಎಂದೇ ಅರ್ಥ. ಅಂಗಡಿ ಗಲ್ಲಾದಲ್ಲಿ ದಿನವಿಡೀ ಕೂರುವ ಹುಡುಗಿಯೊಬ್ಬಳು ಮುಖ ಸಿಂಡರಿಸಿದಳು. ‘ಕೂತು ಮಾಡುವ ಕೆಲಸ’ ಎನ್ನಲು ಒಂದು ಪದ ಹೆಚ್ಚು ಬರೆಯಬೇಕು ಎನ್ನುವುದು ಬಿಟ್ಟರೆ ಬೇರೆ ಕಷ್ಟ ಕಾಣೆ.

ಮತ್ತೆ ಎದುರು ಪದಕ್ಕೆ. ನನ್ನ ಕೈಯಲ್ಲಿ ಈಗ ಎರಡು ಉಳಿದಿವೆ. ಒಂದು, ಆ ಹಸುವಿನ ಒಡತಿ ಬಳಸಿದ ‘ಇಳಿ’. ಹತ್ತುವುದು–ಇಳಿಯುವುದು ಕಿವಿಗೆ ಜೋಡಿ, ಆದರೆ ಮೇಲೆ ಹೇಳಿದಂತೆ ಅಲ್ಲಿನ ಹತ್ತು ಏರುವ ಹತ್ತಲ್ಲ. ಮೇಲಾಗಿ ಇಳಿಯುವುದು ಕೇಡಿನ ಸೂಚನೆ, ಅಪಚಯ ಕೇಡಲ್ಲ. ಇನ್ನೊಂದು ‘ಸವೆ’. ಮೈ ಸವೆಸಿ ದುಡಿದೆ ಎನ್ನುತ್ತೇವೆ. ಇದು ನನಗೆ ಹಿಡಿಸಿದೆ, ಏಕೆಂದರೆ ಸವೆತ ದಿನವೂ ನಡೆಯುವಂಥದು. ಬೆಳೆದವರ ಮೈಯಲ್ಲಿ ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನು ಒಡೆದು ಮತ್ತೆ ಕಟ್ಟಲ್ಪಡುತ್ತದೆ, ನಾವು ಊಟದಲ್ಲಿ ತೆಗೆದುಕೊಳ್ಳುವುದು ಅದರ ನಾಲ್ಕನೇ ಒಂದು ಪಾಲಿನ ಆಸುಪಾಸು. ಹಳೆಯ ಗೋಡೆಯ ಇಟ್ಟಿಗೆ ಕಿತ್ತು ಹೊಸ ಗೋಡೆ. ಕಟ್ಟುವುದೂ ಸವೆಯುವುದೂ ಒಟ್ಟಿಗೇ ನಡೆಯುತ್ತಿರುವಾಗ ಒಂದನ್ನು ಬಿಟ್ಟು ಒಂದನ್ನು ಹೇಳುವಂತಿಲ್ಲ. ಆ ಮಟ್ಟಿಗೆ ‘ಚಯಾಪಚಯ’ ಮಾಡಿದವರ ಜಾಣತನವನ್ನು ಒಪ್ಪಲೇಬೇಕು.

ಸಭೆಯಲ್ಲಿ ರೇಷ್ಮೆ ಸಾಕುವವರೊಬ್ಬರು ಮೂರನೆಯದೊಂದನ್ನು ಮುಂದಿಟ್ಟರು. ಹುಳು ನಾಲ್ಕನೆಯ ಜ್ವರ (ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಒಂದೇ ಸಮನೆ ಸೊಪ್ಪು ತಿನ್ನುತ್ತದೆ, ಆಮೇಲೆ ‘ಹಣ್ಣಾಗುತ್ತದೆ’, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಗೂಡು ಕಟ್ಟಿಸುವ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಟ್ಟರೆ ಸೊಪ್ಪು ಮುಟ್ಟುವುದಿಲ್ಲ, ಕೂಡಿಟ್ಟುಕೊಂಡದ್ದರಿಂದಲೇ ನೂಲು ತೆಗೆಯುತ್ತದೆ. ದುಡಿದು ದುಡಿದು ಹಣ್ಣಾದೆ ಎಂದು ನಾವೂ ಅನ್ನುವುದಿಲ್ಲವೇ ಎಂದರು. ಪದವಾಗಿ ನಿಲ್ಲುವುದಿಲ್ಲ, ಆದರೆ ಅಂದಿನಿಂದ ತಲೆಯಲ್ಲಿ ಕೂತಿದೆ.

ನನ್ನ ಕೇಳಿಕೆ ಇಷ್ಟು. ನಿಮ್ಮ ಕಡೆ, ಮುಖ್ಯವಾಗಿ ಪಾವಗಡ, ಮಧುಗಿರಿ, ಮುಳಬಾಗಿಲು, ಬಾಗೇಪಲ್ಲಿ ಕಡೆಯವರು, ‘ಮೈಗೆ ಹತ್ತು’ ಎಂಬುದಕ್ಕೆ ಎದುರಾಗಿ ದನಕರುಗಳ ವಿಷಯದಲ್ಲಾಗಲೀ ಬಾಣಂತಿಯರ ವಿಷಯದಲ್ಲಾಗಲೀ ಯಾವ ಮಾತು ಬಳಸುತ್ತೀರಿ? ‘ಮೈ ಸವೆ’ ಎಂಬುದು ಬೈಗುಳವಾಗಿಯೋ ಗೋಳಾಗಿಯೋ ಅಲ್ಲದೆ ಬರೀ ಸಂಗತಿಯಾಗಿ ಬಳಕೆಯಲ್ಲಿದೆಯೇ? ಮಂಗಳೂರು, ಧಾರವಾಡದವರು ‘ಮೈಗೆ ಹತ್ತು’ ಎನ್ನುತ್ತಾರೋ, ಬೇರೇನಾದರೂ ಇದೆಯೋ? ರಾಗಿ ಕೊಯ್ಲು ಮುಗಿದ ಮೇಲೆ ಅದೇ ಜಗಲಿಯಲ್ಲಿ ಇನ್ನೊಮ್ಮೆ ಸೇರುವುದೆಂದು ಮಾತಾಗಿದೆ. ಕರಪತ್ರದ ಮೊದಲ ಸಾಲನ್ನು ಅಷ್ಟರೊಳಗೆ ತಿದ್ದಿ ಕೊಡುತ್ತೇನೆಂದು ಆ ಅಜ್ಜಿಗೆ ಒಪ್ಪಿಕೊಂಡು ಬಂದಿದ್ದೇನೆ.