ಲುಟೇಶಿಯಂ-ಡೋಟಾಟೇಟ್ ದ್ರಾವಣ ಬೆಳ್ಳಗೆ ಕದಡುತ್ತದೆ, ಯಾಕೆ?

ಕಾಳಿದಂಡೆ (ಕಾರವಾರ):
ಎಂ.ಎಸ್ಸಿ. ಪ್ರಾಜೆಕ್ಟಿಗೆ ವಿಕಿರಣವಿಲ್ಲದ ಸಾದಾ ಲುಟೇಶಿಯಂ ಬಳಸಿ ಡೋಟಾಟೇಟ್ ಸಂಕೀರ್ಣ ಮಾಡುತ್ತಿದ್ದೇವೆ. (ಡೋಟಾಟೇಟ್ ಅಂದರೆ ಲೋಹ ಹಿಡಿಯುವ ಡೋಟಾ ಉಂಗುರ ಜೋಡಿಸಿದ ಪೆಪ್ಟೈಡ್; ವಿಕಿರಣ ಸೂಸುವ ಲುಟೇಶಿಯಂ-177 ಸೇರಿಸಿದರೆ ಕ್ಯಾನ್ಸರ್ ಔಷಧ.) ಪೆಪ್ಟೈಡನ್ನು ಫಾಸ್ಫೇಟ್ ಬಫರಿನಲ್ಲಿ (ಪಿಎಚ್ 7.4) ಕರಗಿಸಿ, ಲುಟೇಶಿಯಂ ಕ್ಲೋರೈಡ್ ತೂಗಿ 1:1 ಮೋಲ್ ಲೆಕ್ಕದಲ್ಲಿ ಸೇರಿಸಿ, 37 ಡಿಗ್ರಿಯಲ್ಲಿ ಒಂದು ತಾಸು ಇಡುತ್ತೇವೆ. ದ್ರಾವಣ ಕದಡುತ್ತದೆ, ಮಾಸ್ ಸ್ಪೆಕ್ಟ್ರಮ್‌ನಲ್ಲಿ ಬರೀ ಪೆಪ್ಟೈಡ್ ಕಾಣುತ್ತದೆ. ಏನು ಬದಲಿಸಬೇಕು? ಮುಂದೆ ಲುಟೇಶಿಯಂ-177 ಬೇಕೆಂದರೆ ಕೈಗಾದಿಂದ ಸಿಗುತ್ತದೆಯೇ?

ಸೋಂದಾ (ಶಿರಸಿ):
ಮೊದಲು ಫಾಸ್ಫೇಟ್ ಬಿಡಿ. ಆ ಬಿಳಿ ಕದಡು ಲುಟೇಶಿಯಂ ಫಾಸ್ಫೇಟ್. ಬೇರೆ ಬಫರ್ ಹಾಕಿದರೂ ಪಿಎಚ್ 7ರಲ್ಲೇ ಇಟ್ಟರೆ ಹೈಡ್ರಾಕ್ಸೈಡ್ ಆಗಿ ಕೂರುತ್ತದೆ. 0.4 ಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 4.5ರಿಂದ 5, 95 ಡಿಗ್ರಿ, 30 ನಿಮಿಷ. ತೀರಾ ಆಮ್ಲೀಯವಾದರೂ ಕಷ್ಟ: ಡೋಟಾದ ಸಾರಜನಕಗಳ ಮೇಲೆ ಪ್ರೋಟಾನ್ ಕೂತು ಲೋಹವನ್ನು ಒಳಗೆ ಬಿಡುವುದಿಲ್ಲ. ಡೋಟಾ ಬಿಗಿಯಾದ ಉಂಗುರ, 37 ಡಿಗ್ರಿಯಲ್ಲಿ ಕೆಲಸ ತುಂಬ ನಿಧಾನ. ಆದರೆ ಆ ಬಿಗಿಯೇ ನಮಗೆ ಬೇಕಾದದ್ದು. ದೇಹದಲ್ಲಿ ಬಿಡಿಯಾದ ಲುಟೇಶಿಯಂ ಮೂಳೆಗೆ ಹೋಗಿ ಸೇರುತ್ತದೆ, ಪಕ್ಕದ ಮಜ್ಜೆಗೆ ವಿಕಿರಣ ತಗಲುತ್ತದೆ.

ಸಂಕೀರ್ಣ ಆಗಿದ್ದರೆ ಪೆಪ್ಟೈಡಿನ ತೂಕಕ್ಕೆ 172 ಸೇರಿರುತ್ತದೆ (175 ಬಂದು ಮೂರು ಪ್ರೋಟಾನ್ ಹೋಗುತ್ತವೆ). ಎರಡು ಚಾರ್ಜಿನ ಪೀಕನ್ನು 804ರ ಸುತ್ತ ಹುಡುಕಿ.

ಗಂಗಾವಳಿ (ಅಂಕೋಲಾ):
ತೂಗಿ ಹಾಕುವುದನ್ನೂ ನಂಬಬೇಡಿ. ಲುಟೇಶಿಯಂ ಕ್ಲೋರೈಡ್ ನಮ್ಮ ಕರಾವಳಿಯ ಮಳೆಗಾಲದಲ್ಲಿ ತಕ್ಕಡಿಯ ಮೇಲೆಯೇ ನೀರು ಹೀರುತ್ತದೆ. ಸ್ಟಾಕ್ ದ್ರಾವಣ ಮಾಡಿ, ಪಿಎಚ್ 5.8ರ ಅಸಿಟೇಟಿನಲ್ಲಿ ಕ್ಸೈಲೆನಾಲ್ ಆರೆಂಜ್ (ಬಿಡಿ ಲೋಹ ತೋರಿಸುವ ಸೂಚಕ ಬಣ್ಣ) ಹಾಕಿ, ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎಯ 0.01 ಮೋಲಾರ್ ದ್ರಾವಣದಿಂದ ಟೈಟ್ರೇಟ್ ಮಾಡಿ. ನೇರಳೆ ಹೋಗಿ ಹಳದಿ ಬಂದಲ್ಲಿಗೆ ನಿಲ್ಲಿಸಿ. ಕೊನೆಗೆ ಬಿಡಿ ಲೋಹ ಉಳಿದಿದೆಯೇ ನೋಡಲೂ ಇದೇ ಬಣ್ಣ ಸಾಕು. ಪೆಪ್ಟೈಡಿನ ತೂಕದಲ್ಲಿಯೂ ಟ್ರೈಫ್ಲೂರೋ ಅಸಿಟೇಟ್ ಮತ್ತು ತೇವಾಂಶ ಸೇರಿರುತ್ತವೆ. ಶೀಷೆಯಲ್ಲಿ ಬರೆದಿರುವ ನಿವ್ವಳ ಪೆಪ್ಟೈಡ್ ಪ್ರಮಾಣ ನೋಡಿಯೇ ಮೋಲ್ ಲೆಕ್ಕ ಹಾಕಿ. ಫ್ರೀಜರಿನಿಂದ ತೆಗೆದ ಶೀಷೆಯನ್ನು ಕೋಣೆಯ ಉಷ್ಣತೆಗೆ ಬರುವವರೆಗೂ ತೆರೆಯಬೇಡಿ.

ಸೋಂದಾ (ಶಿರಸಿ):
ಕೈಗಾ ಇರುವುದು ವಿದ್ಯುತ್ತಿಗೆ. ಲುಟೇಶಿಯಂ-177 ತಯಾರಾಗುವುದು ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ. ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ಪ್ರಯೋಗಾಲಯ ಬೇಕೇಬೇಕು, ಹಾಗಾಗಿ ಆ ಹಂತಕ್ಕೆ ಅಂಥ ಕೇಂದ್ರದ ಜೊತೆ ಸೇರಿ ಕೆಲಸ ಮಾಡಿ.

ಕಬ್ಬಿಣ ಸೋಕದಂತೆ ಕೆಲಸ ಮಾಡುವುದನ್ನು ಈಗಲೇ ರೂಢಿಸಿಕೊಳ್ಳಿ. ವಾಹಕವಿಲ್ಲದ (ಸಾದಾ ಲುಟೇಶಿಯಂ ಬೆರೆಯದ) 7.4 ಗಿಗಾಬೆಕರೆಲ್ ಲುಟೇಶಿಯಂ-177 ಅಂದರೆ ಸುಮಾರು 10 ನ್ಯಾನೋಮೋಲ್ ಮಾತ್ರ. 1 ಮೈಕ್ರೋಗ್ರಾಂ ಕಬ್ಬಿಣ 18 ನ್ಯಾನೋಮೋಲ್! ಸಾದಾ ಲೋಹದಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಮಾಡುವಾಗ ಈ ಕಬ್ಬಿಣ ಗಮನಕ್ಕೇ ಬರುವುದಿಲ್ಲ, ಲುಟೇಶಿಯಂ-177ರ ಹಂತದಲ್ಲಿ ಮಾತ್ರ ಅದು ಡೋಟಾದ ಜಾಗ ಕಸಿಯುತ್ತದೆ. ನಮ್ಮ ಜಂಬಿಟ್ಟಿಗೆ ನೆಲದ ಬೋರ್‌ವೆಲ್ ನೀರಿನಲ್ಲಿ ಗಾಜು ತೊಳೆದು ಬಿಟ್ಟರೆ ಅಷ್ಟು ಕಬ್ಬಿಣ ಉಳಿಯುವುದು ಸುಲಭ. ಆಮ್ಲದಲ್ಲಿ ನೆನೆಸಿ ಅತಿಶುದ್ಧ ನೀರಿನಲ್ಲಿ ತೊಳೆದ ಪ್ಲಾಸ್ಟಿಕ್ ಟ್ಯೂಬ್ ಬಳಸಿ, ಸ್ಟೀಲ್ ಚಮಚ, ಸೂಜಿ ದೂರವಿಡಿ.